ಒಲೆ ಒಂದು ಕಡೆ, ಪೆಟ್ರೋಲು ಒಂದು ಕಡೆ

ತಪಾಸಣೆಗೆ ಬರುವ ಬೆಂಕಿ ಸಾಹೇಬರು ಭೂತಗನ್ನಡಿ ಹಿಡಿದು ಹುಡುಕಿದರೂ ಈ ಶೆಡ್ಡಿನಲ್ಲಿ ಒಂದೇ ಒಂದು ತಪ್ಪು ಸಿಗಬಾರದು, ಸಿಕ್ಕಿದರೆ ಪೆಟ್ರೋಲ್ ಡಬ್ಬ ತಲೆಯ ಮೇಲೆ ಹೊತ್ತು ಊರು ಸುತ್ತುತ್ತೇನೆ ಎಂದು ಸೊಸೆ ಶಪಥ ಮಾಡಿದಳು.

ಶಪಥ ಮಾಡಿದ್ದು ಮೇಸ್ತ್ರಿಯ ಎದುರು. ಕೇಳಿಸಬೇಕಾಗಿದ್ದು ಅತ್ತೆಗೆ. ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಕೈ ಚಾಚಿದರೆ ಸೊಸೆಗೆ ತಾಗುವಷ್ಟು ಹತ್ತಿರ. ಆದರೂ ಅವರು ತಿರುಗಿದ್ದು ಮೇಸ್ತ್ರಿಯ ಕಡೆಗೆ.

"ಮೇಸ್ತ್ರಿ, ಅವಳಿಗೆ ಹೇಳು. ಡಬ್ಬ ಹೊರೋಕೆ ಮುಂಚೆ ಕತ್ತು ಗಟ್ಟಿಯಾಗಿದೆಯಾ ನೋಡ್ಕೊಳ್ಳಲಿ ಅಂತ."

ಮೇಸ್ತ್ರಿ ಡಾಕ್ಟರ ಕಾರಿನ ಕೆಳಗೆ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ಕಾಲು ಮಾತ್ರ. ಕಾಲುಗಳ ಆಚೆಯಿಂದ ದನಿ ಬಂತು.

"ಅಮ್ಮಾವ್ರೆ, ದೊಡ್ಡಮ್ಮಾವ್ರು ಒಳ್ಳೇದಾಗ್ಲಿ ಅಂದ್ರು."

ಮೇಸ್ತ್ರಿಗೆ ಬದುಕುವ ದಾರಿ ಗೊತ್ತಿತ್ತು. ಅವನ ಬಾಯಿಂದ ಹಾದು ಬಂದ ಮಾತಿಗೆ ಮುಳ್ಳು ಇರುತ್ತಿರಲಿಲ್ಲ. "ಇವತ್ತು ಏನು ಮಣ್ಣು ತಿನ್ನಬೇಕಂತೆ ಕೇಳು" ಎಂದು ಅತ್ತೆಯಿಂದ ಹೊರಟದ್ದು "ಊಟಕ್ಕೆ ಏನ್ ಮಾಡ್ಲಿ ಅಂತಿದಾರೆ" ಎಂದು ಸೊಸೆಗೆ ಮುಟ್ಟುತ್ತಿತ್ತು. "ಏನಾದ್ರೂ ಬೇಯಿಸಿ ಸಾಯಲಿ" ಎಂದು ಹೋದದ್ದು "ನಿಮ್ಮಿಷ್ಟ ಅಂತೆ" ಆಗುತ್ತಿತ್ತು. ಅವನಿಗೆ ಸಂಬಳ ಕಾರು ರಿಪೇರಿಗೆ. ಈ ಕೆಲಸ ಪುಕ್ಕಟೆ.

ಅತ್ತೆ ಸೊಸೆ ಮಾತು ಬಿಟ್ಟು ಬಹಳ ಕಾಲವಾಗಿತ್ತು.

ಆ ಶೆಡ್ಡು ಮಾವನ ಕಾಲದಲ್ಲಿ ಕುದುರೆ ಲಾಯವಾಗಿತ್ತು. ಬಾಡಿಗೆ ಗಾಡಿಯ ಕುದುರೆಗಳು ಅಲ್ಲಿ ನಿಲ್ಲುತ್ತಿದ್ದವು. ಊರಿಗೆ ಮೋಟಾರು ಬಂತು. ಕುದುರೆ ಹೋಯಿತು, ಮಾವ ಹೋದರು. ಗಂಡ ಗೋದಲಿಯಲ್ಲಿ ಹುಲ್ಲಿನ ಬದಲು ಸ್ಪಾನರ್ ಇಟ್ಟ, ಬಾಗಿಲಿಗೆ ಬೋರ್ಡು ಹಾಕಿದ. ಡಾಕ್ಟರ ಕಾರು, ವಕೀಲರ ಕಾರು, ಗಿರಣಿಯವರ ಕಾರು ಅಲ್ಲೇ ತಂಗುತ್ತಿದ್ದವು, ಕೆಟ್ಟರೆ ಅಲ್ಲೇ ನರಳುತ್ತಿದ್ದವು. ಪೆಟ್ರೋಲು ಡಬ್ಬಗಳಲ್ಲಿ ಬರುತ್ತಿತ್ತು. ಗಂಡ ಅದನ್ನೂ ಮಾರುತ್ತಿದ್ದ. ಮನೆ, ಶೆಡ್ಡು, ನಡುವೆ ಒಂದು ಗೋಡೆ. ಉಪ್ಪಿನ ಡಬ್ಬಕ್ಕೂ ಪೆಟ್ರೋಲಿನ ವಾಸನೆ. ಬಂದವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಮನೆಯವರಿಗೆ ಯಾಕೆ ಎಂದೇ ತಿಳಿಯುತ್ತಿರಲಿಲ್ಲ.

ಗಂಡ ಜ್ವರ ಬಂದು ಹೋದ. ಅದನ್ನು ಉದ್ದ ಮಾಡಿ ಹೇಳುವುದಕ್ಕೆ ಏನೂ ಇಲ್ಲ. ಒಂದು ಬೆಳಿಗ್ಗೆ ಇದ್ದ, ಇನ್ನೊಂದು ಬೆಳಿಗ್ಗೆ ಇರಲಿಲ್ಲ.

ಅವನ ಕೆಲಸದ ಕೋಟು ಗೂಟದಲ್ಲಿ ನೇತಾಡುತ್ತಿತ್ತು. ಯಾರೂ ಇಲ್ಲದಾಗ ಸೊಸೆ ಅದರ ತೋಳಿಗೆ ಮುಖವಿಟ್ಟು ನಿಲ್ಲುತ್ತಿದ್ದಳು. ಗ್ರೀಸು, ಪೆಟ್ರೋಲು, ಅವನು. ಮನೆಯಲ್ಲೆಲ್ಲ ಗೊತ್ತಾಗದ ವಾಸನೆ ಅಲ್ಲಿ ಮಾತ್ರ ಗೊತ್ತಾಗುತ್ತಿತ್ತು. ಒಂದು ದಿನ ನೋಡಿದರೆ ಕೋಟು ಹಿತ್ತಲ ಹಗ್ಗದ ಮೇಲಿದೆ. ಅತ್ತೆ ನೆನೆಹಾಕಿ, ಸೋಪು ತಿಕ್ಕಿ, ಕಲ್ಲಿಗೆ ಬಡಿದು, ಹೊಸದರಂತೆ ಮಾಡಿಟ್ಟಿದ್ದರು. ನೀರು ತೊಟ್ಟಿಕ್ಕುತ್ತಿತ್ತು.

ಯಾರು ಒಗೆಯೋಕೆ ಹೇಳಿದ್ದು ಎಂದು ಸೊಸೆ ಕೇಳಿದಳು. ನನ್ನ ಮಗನ ಕೋಟು ಒಗೆಯೋಕೆ ಯಾರ ಅಪ್ಪಣೆ ಬೇಕು ಎಂದು ಅತ್ತೆ ಕೇಳಿದರು. ಎರಡೂ ಪ್ರಶ್ನೆಯೇ. ಉತ್ತರ ಯಾರೂ ಕೊಡಲಿಲ್ಲ. ಅಲ್ಲಿಗೆ ಮಾತು ನಿಂತಿತು. ಯಾರು ಮೊದಲು ಬಾಯಿ ಬಿಡುತ್ತಾರೋ ಅವರು ಸೋತಂತೆ. ಇಬ್ಬರೂ ಸೋಲುವ ಪೈಕಿಯಲ್ಲ.

ಹೀಗಿರುವಾಗ ಮೋಟಾರು ಶೆಡ್ಡುಗಳಿಗೆ ಹೊಸ ಕಾನೂನು ಬಂತು. ಪೆಟ್ರೋಲು ಇಡುವವರು ಅನುಮತಿ ಪಡೆಯಬೇಕು. ಸರ್ಕಾರದ ಬೆಂಕಿ ಇಲಾಖೆಯವರು, ಅಂದರೆ ಬೆಂಕಿ ಸಾಹೇಬರು, ಬಂದು ನೋಡಿ ಸರಿ ಅಂದರೆ ಸರಿ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಬೀಗ ಬಿದ್ದರೆ ಸೊಸೆ ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಅತ್ತಿಗೆ ಆಗಲೇ ಉಗ್ರಾಣದ ಮೂಲೆಯಲ್ಲಿ ಒಂದು ಮಂಚ ಹಾಕಿಸಿ, ಆ ಮಂಚ ಎಷ್ಟು ಗಟ್ಟಿ ಎಂದು ಹೇಳಿ ಕಳಿಸಿದ್ದಳು. ಅತ್ತೆ ಮಗಳ ಮನೆಗೆ ಹೋಗಬೇಕು. ಅಳಿಯ ಸೀನಿದರೂ ಎದ್ದು ನಿಲ್ಲಬೇಕಾದ ಮನೆ ಅದು. ಇಬ್ಬರಿಗೂ ಹೋಗುವ ಮನಸ್ಸಿಲ್ಲ. ಅದನ್ನು ಇಬ್ಬರೂ ಮೇಸ್ತ್ರಿಗೆ ಹೇಳಿದ್ದರು. ಮೇಸ್ತ್ರಿ ಯಾರಿಗೂ ಹೇಳಿರಲಿಲ್ಲ. ಯಾರೂ "ಹೇಳು" ಅಂದಿರಲಿಲ್ಲವಲ್ಲ.

ಸಾಹೇಬರು ಮೊದಲ ಸಲ ಬಂದದ್ದು ರೂಲ್ಸು ತಿಳಿಸುವುದಕ್ಕೆ. ಉದ್ದನೆಯ ಮನುಷ್ಯ, ಕತ್ತಿನವರೆಗೂ ಗುಂಡಿ. ಬಾಗಿಲಲ್ಲೇ ನಿಂತು ಮೂಸಿದರು. ಒಂದು ಹೆಜ್ಜೆ ಇಟ್ಟು ಮತ್ತೆ ಮೂಸಿದರು. ಪಾತ್ರೆಯ ಅಂಗಡಿಯೊಳಗೆ ಹಸು ನುಗ್ಗಿದಾಗ ಅಂಗಡಿಯವನು ಇಡುವ ಹೆಜ್ಜೆ ಅದು.

"ನೀವೆಲ್ಲ ಪೆಟ್ರೋಲು ಅಂದ್ರೆ ನೀರಿನ ತಮ್ಮ ಅಂದ್ಕೊಂಡಿದೀರಿ. ಅದು ಹಾವು. ಅದರ ಆವಿ ಮೇಲಕ್ಕೆ ಹೋಗೋದಿಲ್ಲ, ನೆಲ ಹಿಡಿದು ಹರಿಯುತ್ತೆ. ಎಲ್ಲಿ ಕಿಡಿ ಇದೆಯೋ ಅಲ್ಲಿಗೆ ತಾನೇ ಹುಡುಕ್ಕೊಂಡು ಹೋಗುತ್ತೆ. ತಿಳೀತಾ?"

ಸೊಸೆಗೆ ತಿಳಿಯಲಿಲ್ಲ. ತಲೆಯಾಡಿಸಿದಳು.

ಸಾಹೇಬರು ಶೆಡ್ಡಿನಲ್ಲಿ ಓಡಾಡುತ್ತ ಹೇಳುತ್ತಾ ಹೋದರು, ಸೊಸೆ ಹಿಂದೆ ಓಡುತ್ತಾ ಕೇಳುತ್ತಾ ಹೋದಳು. ಪೆಟ್ರೋಲು ಕಾರಿನ ಜೊತೆ ಇರಬಾರದು, ಬೇರೆ ಕೋಣೆಯಲ್ಲಿ, ದೂರದಲ್ಲಿ ಇರಬೇಕು. ಡಬ್ಬಕ್ಕೆ ಕೆಂಪು ಬಣ್ಣ, ಮೇಲೆ ಬಿಗಿ ಮುಚ್ಚಳ. ಗೋಡೆಗೆ ನೆಲದ ಮಟ್ಟದಲ್ಲಿ ಕಿಂಡಿ ಇರಬೇಕು. ಕಿಂಡಿಯಲ್ಲಿ ಇಲಿ ಬರಬಾರದು, ಗಾಳಿ ಬರಬೇಕು. ಬಾಗಿಲು ಗಾಳಿಗೆ ತೆರೆದಿರಬೇಕು, ಕಳ್ಳರಿಗೆ ಮುಚ್ಚಿರಬೇಕು. ಬೀಡಿ ಸಿಗರೇಟು ಬೀದಿಯಲ್ಲೇ ಆರಿಸಿ ಒಳಗೆ ಬರಬೇಕು. ಬೆಂಕಿ ಹತ್ತಿದರೆ ನೀರು ಹಾಕಬಾರದು. ಪೆಟ್ರೋಲು ನೀರಿನ ಮೇಲೆ ತೇಲಿಕೊಂಡು ಹೋಗಿ ಅಕ್ಕಪಕ್ಕದ ಮನೆಗೂ ಬೆಂಕಿ ಹಂಚುತ್ತದೆ. ಮರಳೇ ಹಾಕಬೇಕು.

ಬೆಂಕಿಗೆ ನೀರು ಹಾಕಬಾರದಂತೆ. ಸೊಸೆಗೆ ಅಲ್ಲಿಂದ ಮುಂದೆ ಎಲ್ಲವೂ ಮಸುಕಾಯಿತು. ಹುಟ್ಟಿದಾಗಿನಿಂದ ಗಟ್ಟಿ ಅಂದುಕೊಂಡಿದ್ದ ಒಂದೇ ಒಂದು ವಿಷಯ ಅದು.

ಆಮೇಲೆ ಸಾಹೇಬರು ಅಡುಗೆಮನೆಗೆ ಹೋದರು. ಸೊಸೆ ಹೋಗಲಿಲ್ಲ. ಅತ್ತೆ ಒಳಗಿದ್ದಾಗ ಆಕೆ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಹಾಗಾಗಿ ಒಲೆಯ ರೂಲ್ಸು ಕೇಳಿದ್ದು ಅತ್ತೆ ಒಬ್ಬರೇ. ಶೆಡ್ಡಿನ ಗೋಡೆಗೆ ತಾಗಿ ಒಲೆ ಇರಕೂಡದು, ದೂರಕ್ಕೆ ಸಾಗಿಸಬೇಕು. ಒಲೆ ಎಲ್ಲಿದೆಯೋ ಅಲ್ಲಿ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಕೆಂಪು ಡಬ್ಬದಲ್ಲಿ ಮರಳು ಇರಬೇಕು.

ಇನ್ನು ಮೇಸ್ತ್ರಿ. ಅವನು ಕಾರಿನ ಕೆಳಗಿದ್ದ. ಅವನಿಗೆ ಕೇಳಿಸಿದ್ದು ಸಾಹೇಬರ ಬೂಟಿನ ಕಿರ್ ಕಿರ್ ಮಾತ್ರ.

ಅರ್ಧ ಕಾನೂನು ಸೊಸೆಯ ಹತ್ತಿರ, ಅರ್ಧ ಕಾನೂನು ಅತ್ತೆಯ ಹತ್ತಿರ. ಸೇರಿಸಿ ಹೊಲಿಯುವವರು ಇಲ್ಲ.

ಸೊಸೆ ಕೆಲಸಕ್ಕೆ ಇಳಿದಳು. ಕೆಂಪು ಬಣ್ಣ ತಂದಳು. ಪೆಟ್ರೋಲ್ ಡಬ್ಬಗಳಿಗೆಲ್ಲ ಬಳಿದಳು. ಮರಳು ತುಂಬಲು ಖಾಲಿ ಡಬ್ಬ ತೆಗೆದು ಅದಕ್ಕೂ ಬಳಿದಳು. ಬಣ್ಣ ಇನ್ನೂ ಉಳಿದಿತ್ತು. ಉಳಿದದ್ದನ್ನು ಚೆಲ್ಲುವ ವಂಶ ಅವಳದಲ್ಲ. ಮೇಸ್ತ್ರಿ ಕೂರುವ ಮಣೆಗೆ ಬಳಿದಳು. ಮೇಸ್ತ್ರಿ ನೋಡದೆ ಕೂತ. ಅವತ್ತಿನಿಂದ ಅವನ ಹಿಂಭಾಗವೂ ಕಾನೂನಿಗೆ ಒಳಪಟ್ಟಿತು.

ಮರಳಿನ ಡಬ್ಬಗಳನ್ನು ಶೆಡ್ಡಿನ ಮುಂದೆ ಸಾಲಾಗಿ ಇಟ್ಟಳು. ಬೀದಿಯ ಬೆಕ್ಕುಗಳಿಗೆ ಸುದ್ದಿ ಹೋಯಿತು. ಮೆತ್ತನೆಯ ಒಣ ಮರಳು, ಎತ್ತರದ ಜಾಗ, ಒಳ್ಳೆ ನೋಟ. ಸರ್ಕಾರ ತಮಗಾಗಿಯೇ ಕಟ್ಟಿಸಿಕೊಟ್ಟಿದೆ ಎಂದು ಅವು ತಿಳಿದವು. ಸೊಸೆ ಓಡಿಸಿ ಓಡಿಸಿ ಸಾಕಾಗಿ ಮರಳಿನ ಡಬ್ಬಗಳಿಗೂ ಮುಚ್ಚಳ ಹಾಕಿದಳು.

ಈಗ ಆ ಮನೆಯಲ್ಲಿ ಪೆಟ್ರೋಲೂ ಕೆಂಪು ಡಬ್ಬ, ಮರಳೂ ಕೆಂಪು ಡಬ್ಬ. ಎರಡಕ್ಕೂ ಮುಚ್ಚಳ. ಇಟ್ಟವಳಿಗೆ ಮಾತ್ರ ಗೊತ್ತು ಯಾವುದು ಯಾವುದೆಂದು. ಇಟ್ಟವಳು ಯಾರಿಗೂ ಹೇಳುವುದಿಲ್ಲ.

ಪೆಟ್ರೋಲಿಗೆ ದೂರದ ಕೋಣೆ ಬೇಕಿತ್ತು. ಹಿತ್ತಲ ಕೊನೆಯಲ್ಲಿ ಕುದುರೆಗಳ ಕಾಲದ ಹುಲ್ಲಿನ ಕೋಣೆ ಇತ್ತು. ಕಲ್ಲಿನ ಗೋಡೆ, ಹೆಂಚಿನ ಮಾಡು, ಹುಲ್ಲು ಖಾಲಿಯಾಗಿ ಬಹಳ ಕಾಲವಾಗಿತ್ತು. ಶೆಡ್ಡಿಗೂ ದೂರ, ಅಡುಗೆಮನೆಗೂ ದೂರ. ಸಾಹೇಬರು ಬರುವ ದಿನ ಬೆಳಿಗ್ಗೆ ಸೊಸೆ ಡಬ್ಬಗಳನ್ನು ಒಂದೊಂದಾಗಿ ಹೊತ್ತು ಅಲ್ಲಿ ಸಾಲಾಗಿ ಜೋಡಿಸಿದಳು. ಬೆನ್ನು ಹಿಡಿದುಕೊಂಡಿತು, ಹೆಮ್ಮೆ ಇಳಿಯಲಿಲ್ಲ. ಬಂದು ಕಾರಿನ ಕೆಳಗಿನ ಕಾಲುಗಳಿಗೆ ಹೇಳಿದಳು.

"ಮೇಸ್ತ್ರಿ, ಅವರಿಗೆ ಹೇಳು. ಪೆಟ್ರೋಲು ಹುಲ್ಲಿನ ಕೋಣೆಗೆ ಹೋಗಿದೆ ಅಂತ."

"ಆಯ್ತು ಅಮ್ಮಾವ್ರೆ" ಎಂದವು ಕಾಲುಗಳು.

ಆಕೆ ಬೀದಿಗೆ ಹೋಗಿ ಬೋರ್ಡು ಒರೆಸುತ್ತಿದ್ದಾಗ ಅತ್ತೆ ಬಂದರು. ಅವರೂ ಹುಡುಕಿದ್ದರು. ಒಲೆಗೆ ದೂರದ ಜಾಗ ಬೇಕು, ಮಳೆಗಾಳಿ ತಾಗಬಾರದು, ಗೋಡೆ ಕಲ್ಲಿನದಾಗಿರಬೇಕು. ಅಂಥ ಜಾಗ ಆ ಮನೆಯಲ್ಲಿ ಒಂದೇ.

"ಮೇಸ್ತ್ರಿ, ಅವಳಿಗೆ ಹೇಳು. ಒಲೆ ಹುಲ್ಲಿನ ಕೋಣೆಗೆ ಹೋಗುತ್ತೆ ಅಂತ."

"ಆಯ್ತು ದೊಡ್ಡಮ್ಮಾವ್ರೆ."

ಮೇಸ್ತ್ರಿ ಹಲ್ಲಿನಲ್ಲಿ ಒಂದು ನಟ್ಟು ಕಚ್ಚಿಕೊಂಡಿದ್ದ. ಎರಡು ಮಾತೂ ಒಂದು ಕಿವಿಯಲ್ಲಿ ಹೊಕ್ಕು ನಡುವೆ ಎಲ್ಲೋ ಕೂತವು. ಅಷ್ಟರಲ್ಲಿ ವಕೀಲರ ಡ್ರೈವರ್ ಓಡಿ ಬಂದ. ಕಾರು ಸೇತುವೆಯ ಮೇಲೆ ನಿಂತುಬಿಟ್ಟಿದೆ, ವಕೀಲರು ಒಳಗೇ ಇದ್ದಾರೆ, ಹಿಂದೆ ಗಾಡಿಗಳೆಲ್ಲ ಸಾಲುಗಟ್ಟಿವೆ. ಮೇಸ್ತ್ರಿ ಹಗ್ಗ ಹೆಗಲಿಗೆ ಹಾಕಿಕೊಂಡು ಅವನ ಹಿಂದೆ ಓಡಿದ. ಎರಡು ಮಾತುಗಳೂ ಅವನ ಜೊತೆಗೇ ಸೇತುವೆಗೆ ಹೋದವು.

ಗೋಡೆಯ ಮಣ್ಣಿನ ಒಲೆಯನ್ನು ಆರಿಸಿ, ಅತ್ತೆ ಕಬ್ಬಿಣದ ಇದ್ದಿಲ ಒಲೆಯನ್ನು ಎರಡು ಕೈಯಲ್ಲಿ ಹೊತ್ತು ಹುಲ್ಲಿನ ಕೋಣೆಗೆ ಬಂದರು. ಒಳಗೆ ಅರೆಗತ್ತಲು. ಮಸುಕಿನಲ್ಲಿ ಕೆಂಪಗೆ ಸಾಲಾಗಿ ಡಬ್ಬಗಳು. ಬಣ್ಣದ ಹಸಿ ವಾಸನೆ. ಅತ್ತೆ ನಿಂತು ನೋಡಿದರು. ಒಲೆಯ ಪಕ್ಕ ಕೆಂಪು ಡಬ್ಬದಲ್ಲಿ ಮರಳು ಇರಬೇಕು. ಇದೆ. ಒಂದಲ್ಲ, ಒಂದು ಸಾಲು.

ಅವರಿಗೆ ಒಂದು ಥರ ಆಯಿತು. ತಾನು ಹೇಳಿ ಕಳಿಸಿ ಇನ್ನೂ ನೆರಳು ಸರಿದಿಲ್ಲ, ಹುಡುಗಿ ಆಗಲೇ ಮರಳು ತಂದಿಟ್ಟಿದ್ದಾಳೆ. ಮುದುಕಿ ಬೆಂಕಿಗೆ ಬೀಳಬಾರದು ಎಂದು ಇಷ್ಟೊಂದು. ಬಾಯಲ್ಲಿ ಬಿಗುಮಾನ, ಆದರೆ ಒಳಗೆ ಕರುಳಿದೆ. ಅತ್ತೆ ಒಲೆಯನ್ನು ಡಬ್ಬಗಳ ನಟ್ಟನಡುವೆ ಇಟ್ಟರು. ಆ ಕಡೆ ಎರಡು ಡಬ್ಬ ಹತ್ತಿರ ಎಳೆದರು, ಈ ಕಡೆ ಎರಡು. ಒಂದನ್ನು ಹಿಂದಕ್ಕೆ ಸರಿಸಿ ಅದರ ಮೇಲೆ ಕೂತರು. ಒಳ್ಳೆ ಎತ್ತರ, ಮಂಡಿಗೆ ಸುಖ. ಇದ್ದಿಲು ತುಂಬಿದರು, ಕೆಟಲ್ ಇಟ್ಟರು. ಹಚ್ಚಲಿಲ್ಲ. ಸಾಹೇಬರ ಕಣ್ಣೆದುರೇ ಹಚ್ಚಬೇಕು, ಒಲೆ ಕಾನೂನಿನ ಪ್ರಕಾರ ಎಲ್ಲಿದೆ ನೋಡಿ ಎಂದು ತೋರಿಸಿ ಅದೇ ಒಲೆಯ ಮೇಲೆ ಚಹಾ ಕಾಯಿಸಿ ಕೊಡಬೇಕು ಎಂದು ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಕೂತರು. ಊರಿಗೆ ಹೊಸ ಸೇತುವೆ ಮಾಡಿದಾಗ ದೊಡ್ಡ ಮನುಷ್ಯರು ಕತ್ತರಿ ಹಿಡಿದು ನಿಲ್ಲುತ್ತಾರಲ್ಲ, ಹಾಗೆ.

ಸಾಹೇಬರು ಬಂದರು.

ಸೊಸೆ ಬಾಗಿಲಲ್ಲೇ ಎದುರುಗೊಂಡಳು. ಕಿಂಡಿ ತೋರಿಸಿದಳು, ಕಿಂಡಿಗೆ ಬಡಿದ ತಂತಿ ಬಲೆ ತೋರಿಸಿದಳು. ಸಾಹೇಬರು ಬಗ್ಗಿ ಕಿಂಡಿಗೆ ಕೈಯಿಟ್ಟು ಗಾಳಿ ನೋಡಿದರು. ಮರಳಿನ ಡಬ್ಬಗಳ ಮುಚ್ಚಳ ತೆಗೆದು ನೋಡಿದರು. ಮುಚ್ಚಳ ಯಾಕೆ ಎಂದರು. ಬೆಕ್ಕು ಎಂದಳು. ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿ, ರೂಲ್ಸು ಬರೆದವರಿಗೆ ಬೆಕ್ಕಿನ ವಿಷಯ ಹೊಳೆದಿರಲಿಲ್ಲ ಎಂದರು. ಅಡುಗೆಮನೆಯ ಕಡೆ ಇಣುಕಿ, ಗೋಡೆಯ ಒಲೆ ತಣ್ಣಗಿರುವುದನ್ನು ಕಂಡು ಭೇಷ್ ಎಂದರು. ಸೊಸೆಗೆ ಒಲೆ ಯಾಕೆ ತಣ್ಣಗಿದೆ ಎಂದು ಒಂದು ಕ್ಷಣ ಗೊಂದಲವಾಯಿತು. ಊಟವಿಲ್ಲವೇ ಹಾಗಾದರೆ ಇವತ್ತು? ಆದರೆ ಭೇಷ್ ಅನ್ನಿಸಿಕೊಂಡ ಕಿವಿಗೆ ಬೇರೇನೂ ಹೊಗಲಿಲ್ಲ.

"ಎಲ್ಲ ಸರಿಯಾಗಿದೆ. ಇನ್ನು ಪೆಟ್ರೋಲು ಎಲ್ಲಿಟ್ಟಿದೀರಿ ಅದೊಂದು ನೋಡಿಬಿಡ್ತೀನಿ" ಎಂದರು ಸಾಹೇಬರು.

ಸೊಸೆ ಮುಂದೆ ನಡೆದಳು. ಹಿತ್ತಲಲ್ಲಿ ಆಕೆಯ ನಡಿಗೆಯೇ ಬೇರೆ. ಹುಲ್ಲಿನ ಕೋಣೆಯ ಬಾಗಿಲನ್ನು ಅಗಲವಾಗಿ ತಳ್ಳಿ, ಒಳಗೆ ನೋಡದೆ, ಸಾಹೇಬರ ಮುಖವನ್ನೇ ನೋಡುತ್ತ ಕೈ ಚಾಚಿದಳು.

"ನೋಡಿ ಸಾಹೇಬ್ರೆ. ಒಂದು ಕಿಡಿ ಹತ್ತಿರ ಬರೋ ಹಾಗಿಲ್ಲ."

ಸಾಹೇಬರ ಮುಖ ಸುಣ್ಣದಂತಾಯಿತು. ಸೊಸೆ ತಿರುಗಿ ನೋಡಿದಳು.

ನಡುವೆ ಒಲೆ. ಎಡಕ್ಕೆ ಪೆಟ್ರೋಲು, ಬಲಕ್ಕೆ ಪೆಟ್ರೋಲು. ಪೆಟ್ರೋಲಿನ ಮೇಲೆ ಅತ್ತೆ. ಅತ್ತೆಯ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಕಡ್ಡಿ. ಮುಖದಲ್ಲಿ ನಗು.

"ಬನ್ನಿ ಸಾಹೇಬ್ರೆ. ನಿಮಗೋಸ್ಕರಾನೇ ಕಾಯ್ತಿದ್ದೆ."

ಸೊಸೆ ಬಾಯಿ ತೆರೆದಳು. ಅಷ್ಟು ಕಾಲದಿಂದ ಆ ಕಡೆಗೆ ನೇರವಾಗಿ ಒಂದು ಮಾತೂ ಹೋಗಿರಲಿಲ್ಲ. ದಾರಿಯೇ ಮರೆತಿತ್ತು. ಕೊನೆಗೆ ಬಂದದ್ದು ಇದು:

"ಸಾಹೇಬ್ರೆ, ಅವರಿಗೆ ಹೇಳಿ. ಕಡ್ಡಿ ಗೀರಬೇಡಿ ಅಂತ."

ಅತ್ತೆಯ ನಗು ಹೋಯಿತು. "ಸಾಹೇಬ್ರೆ, ಅವಳಿಗೆ ಹೇಳಿ. ಬಂದವರೆದುರಿಗೆ ನನಗೆ ಕಲಿಸೋಕೆ ಬರಬೇಡ ಅಂತ."

ಸಾಹೇಬರು ಅತ್ತ ನೋಡಿದರು, ಇತ್ತ ನೋಡಿದರು. ಇಂಥ ರೂಲ್ಸು ಅವರಿಗೆ ಯಾರೂ ಕಲಿಸಿರಲಿಲ್ಲ. "ಅಜ್ಜಿ, ಅವರು ಹೇಳ್ತಿದಾರೆ..." ಎಂದು ಶುರುಮಾಡಿದರು. ಅತ್ತೆ ಅದಕ್ಕೆ ಕಾಯಲಿಲ್ಲ. ಸಾಹೇಬರಿಗೆ ಚಹಾ ತಡವಾಗುತ್ತದೆ ಎಂದು ಕಡ್ಡಿಯನ್ನು ಪೆಟ್ಟಿಗೆಗೆ ಒತ್ತಿದರು.

"ಅತ್ತೆ!"

ಕಡ್ಡಿ ಅಲ್ಲೇ ನಿಂತಿತು.

"ಏನಂದೆ?"

"ಅತ್ತೆ ಅಂದೆ."

"ನನ್ನನ್ನ?"

"ಇಲ್ಲಿ ಇನ್ಯಾರಿದಾರೆ? ಕಡ್ಡಿ ಕೆಳಗಿಡಿ."

"ಯಾಕೆ ಇಡ್ಬೇಕು?"

"ನೀವು ಕೂತಿರೋದು ಪೆಟ್ರೋಲಿನ ಮೇಲೆ."

ಅತ್ತೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕಡ್ಡಿಯನ್ನು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರು. ಪೆಟ್ಟಿಗೆಯನ್ನು ಸಾಹೇಬರ ಕೈಗೆ ಕೊಟ್ಟರು. ಮಲಗಿದ ಮಗುವಿನ ಪಕ್ಕದಿಂದ ಏಳುವಂತೆ ಸದ್ದಿಲ್ಲದೆ ಎದ್ದರು. ಹೊರಗೆ ಬಂದು ಹಿತ್ತಲ ಕಲ್ಲಿನ ಮೇಲೆ ಕೂತರು. ಸೊಸೆಯೂ ಅದೇ ಕಲ್ಲಿನ ಮೇಲೆ ಕೂತಳು. ಇನ್ನೊಂದು ಕಲ್ಲು ಅಲ್ಲಿರಲಿಲ್ಲ.

ಆಮೇಲೆ ಜಗಳ ಶುರುವಾಯಿತು. ತಡೆದಿಟ್ಟ ಮಾತೆಲ್ಲ ಒಟ್ಟಿಗೇ ಬಂತು. ಅಲ್ಲಿ ಒಲೆ ಇಡೋದು ಅಂತ ಯಾಕೆ ಹೇಳಲಿಲ್ಲ ಎಂದಳು ಸೊಸೆ. ಹೇಳಿದ್ದೆ ಎಂದರು ಅತ್ತೆ. ಪೆಟ್ರೋಲು ಇಟ್ಟದ್ದನ್ನು ನೀನು ಹೇಳಿದೆಯಾ ಎಂದರು. ಹೇಳಿದ್ದೆ ಎಂದಳು. ಯಾರಿಗೆ? ಮೇಸ್ತ್ರಿಗೆ. ನೀವು ಯಾರಿಗೆ? ಮೇಸ್ತ್ರಿಗೆ. ಕೆಂಪು ಡಬ್ಬ ನೋಡಿ ಮರಳು ಅಂದುಕೊಂಡೆ, ನನಗೋಸ್ಕರ ಇಟ್ಟೆ ಅಂದುಕೊಂಡೆ, ನಿನಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು ಎಂದರು ಅತ್ತೆ. ಒಲೆ ಪಕ್ಕದ ಮರಳಿನ ವಿಷಯ ನನಗೆ ಹೇಳಿದ್ದರೆ ನಿಜವಾಗಿಯೂ ಇಡುತ್ತಿದ್ದೆ ಎಂದಳು ಸೊಸೆ. ಮಣ್ಣು ತಿನ್ನುವ ವಿಷಯ ಬಂತು, ಬೇಯಿಸಿ ಸಾಯುವ ವಿಷಯ ಬಂತು. ಮೇಸ್ತ್ರಿ ಹಾದಿಯಲ್ಲಿ ಮುರಿದಿಟ್ಟಿದ್ದ ಮುಳ್ಳುಗಳೆಲ್ಲ ಹೊರಬಂದವು. ಸಾಹೇಬರು ಕಡ್ಡಿಪೆಟ್ಟಿಗೆ ಹಿಡಿದು ನಡುವೆ ನಿಂತಿದ್ದರು.

ಕೊನೆಗೆ ಕೋಟು ಬಂತು.

"ಆ ಕೋಟು ಯಾಕೆ ಒಗೆದ್ರಿ? ಅದೊಂದು ಉಳಿದಿತ್ತು ನನಗೆ" ಎಂದಳು ಸೊಸೆ. ದನಿ ಜಗಳದ್ದಾಗಿರಲಿಲ್ಲ.

ಅತ್ತೆ ತಮ್ಮ ಕೈ ನೋಡಿಕೊಂಡರು. "ನನಗೇನು ಗೊತ್ತು. ಅವನು ಬಂದಾಗೆಲ್ಲ ಅಮ್ಮಾ ಕೋಟು ಒಗೆದುಕೊಡು, ನಾಳೆ ಬೇಕು ಅಂತಿದ್ದ. ಕಾಯಿಲೆ ಬಿದ್ದ ದಿನಾನೂ ಅಂದಿದ್ದ. ಒಗೆದಿರಲಿಲ್ಲ. ಅದೇ ತಲೇಲಿ ಕೂತಿತ್ತು."

ಸಾಹೇಬರಿಗೆ ಏನಾದರೂ ಹೇಳಬೇಕು ಅನ್ನಿಸಿತು. ತಮಗೆ ಗೊತ್ತಿದ್ದದ್ದನ್ನೇ ಹೇಳಿದರು.

"ಎಣ್ಣೆ ಗ್ರೀಸಿನ ಬಟ್ಟೆ ಮನೆಯೊಳಗೆ ನೇತುಹಾಕಬಾರದು. ತಾನಾಗೇ ಬಿಸಿಯಾಗಿ ಹತ್ತಿಕೊಳ್ಳುತ್ತೆ. ರೂಲ್ಸಿನಲ್ಲಿದೆ."

ಇಬ್ಬರೂ ತಲೆಯೆತ್ತಿ ಅವರನ್ನು ನೋಡಿದರು. ಅತ್ತೆ ಸೊಸೆ ಬಹಳ ಕಾಲದ ಮೇಲೆ ಒಂದೇ ಕಡೆ ಸೇರಿ ಒಬ್ಬರ ಮೇಲೆ ಕಣ್ಣು ಕೆಂಪಗೆ ಮಾಡಿದ್ದು ಆಗಲೇ. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದು ಕುಡಿಯಲು ನೀರು ಕೇಳಿದರು. ಸೊಸೆ ತಂದುಕೊಟ್ಟಳು. ಲೋಟವನ್ನು ಮೂಸಿ ನೋಡಿ, ಇನ್ನೊಂದು ಸಲ ಮೂಸಿ ನೋಡಿ, ಆಮೇಲೆ ಕುಡಿದರು.

ಆಗ ಹಿತ್ತಲ ಬಾಗಿಲಲ್ಲಿ ಮೇಸ್ತ್ರಿ ಕಾಣಿಸಿಕೊಂಡ. ಸೇತುವೆಯ ಮೇಲೆ ಕಾರು ತಳ್ಳುತ್ತಿದ್ದಾಗ ಎರಡು ಮಾತೂ ಅವನ ತಲೆಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು. ಕಾರನ್ನೂ ವಕೀಲರನ್ನೂ ಇಳಿಜಾರಿಗೆ ಬಿಟ್ಟು ಓಡಿ ಬಂದಿದ್ದ. ಹಗ್ಗ ನೆಲದ ಮೇಲೆ ಎಳೆದಾಡುತ್ತಿತ್ತು. ಏದುಸಿರು ಬಿಡುತ್ತಾ ಹೇಳಿದ.

"ಅಮ್ಮಾವ್ರೆ, ದೊಡ್ಡಮ್ಮಾವ್ರು ಹೇಳಿದ್ರು, ಒಲೆ ಹುಲ್ಲಿನ ಕೋಣೆಗೆ ಅಂತ. ದ್... ದೊಡ್ಡಮ್ಮಾವ್ರೆ, ಅಮ್ಮಾವ್ರು ಹೇಳಿದ್ರು, ಪೆಟ್ರೋಲು ಹುಲ್ಲಿನ ಕೋಣೆಗೆ ಅಂತ."

"ನಿಮ್ಮ ಟಪಾಲು ಇವರ ಮೂಲಕವೋ?" ಎಂದು ಸಾಹೇಬರು ಕೇಳಿದರು.

ಹೌದು ಎಂದು ಇಬ್ಬರೂ ತಲೆ ತಗ್ಗಿಸಿದರು. ಈಗ ಅನುಮತಿಯ ಮಾತು. ಸೊಸೆಗೆ ಉಗ್ರಾಣದ ಮಂಚ ಕಣ್ಣೆದುರು ಬಂತು. ಅತ್ತೆಗೆ ಅಳಿಯನ ಸೀನು ಕೇಳಿಸಿತು.

"ರೂಲ್ಸು ಮುರಿದವರನ್ನ ನಾನು ಬೇಕಾದಷ್ಟು ನೋಡಿದೀನಿ. ಇಬ್ಬರೂ ಒಂದೊಂದು ರೂಲ್ಸನ್ನೂ ಬಿಡದೆ ಪಾಲಿಸಿ ಬೀದಿ ಹಾರಿಸೋಕೆ ಹೊರಟದ್ದನ್ನ ಇವತ್ತೇ ನೋಡಿದ್ದು. ಏನಂತ ಬರೀಲಿ? ಬಿಡಿಬಿಡಿಯಾಗಿ ನೋಡಿದ್ರೆ ಎಲ್ಲ ಸರಿ. ಒಟ್ಟಿಗೆ ನೋಡೋಕೆ ಧೈರ್ಯ ಬೇಕು."

ಮೇಸ್ತ್ರಿ ನೆಲದ ಮೇಲಿನ ಹಗ್ಗವನ್ನು ಸುತ್ತತೊಡಗಿದ.

ಸಾಹೇಬರು ಹಿತ್ತಲಲ್ಲಿ ಎರಡು ಸಲ ಅಡ್ಡಾಡಿದರು. ಪೆಟ್ರೋಲು ಹುಲ್ಲಿನ ಕೋಣೆಯಲ್ಲೇ ಇರಲಿ ಎಂದರು. ಒಲೆ ಮನೆಯ ಇನ್ನೊಂದು ಮಗ್ಗುಲಿಗೆ ಹೋಗಲಿ ಎಂದರು. ಪೆಟ್ರೋಲಿನ ಡಬ್ಬದ ಮೇಲೆ ಬಿಳಿ ಪಟ್ಟಿ ಎಳೆಯಲಿ ಎಂದರು. ಅನುಮತಿ ಕೊಡುತ್ತೇನೆ, ಆದರೆ ಈ ಶೆಡ್ಡಿಗೆ ಮಾತ್ರ ಇನ್ನೊಂದು ರೂಲ್ಸು ಸೇರಿಸುತ್ತೇನೆ ಎಂದರು. ಒಲೆ ಹಚ್ಚುವ ಮೊದಲು, ಡಬ್ಬ ಎತ್ತುವ ಮೊದಲು, ದೀಪ ಮುಟ್ಟುವ ಮೊದಲು ಒಬ್ಬರು ಇನ್ನೊಬ್ಬರಿಗೆ ಗಟ್ಟಿಯಾಗಿ ಕೂಗಿ ಹೇಳಬೇಕು. ಇನ್ನೊಬ್ಬರು ಓಗೊಡಬೇಕು. ಓಗೊಡದಿದ್ದರೆ ಕೆಲಸ ಮಾಡಕೂಡದು. ಮೇಸ್ತ್ರಿ ನಡುವೆ ಬರಕೂಡದು. ತಾವು ಹೇಳದೆ ಕೇಳದೆ ಬಂದು ಬೀದಿಯಲ್ಲಿ ನಿಲ್ಲುವುದಾಗಿಯೂ, ಕೂಗು ಕೇಳಿಸದಿದ್ದರೆ ಆ ಕ್ಷಣವೇ ಬೀಗ ಹಾಕುವುದಾಗಿಯೂ ಹೇಳಿ ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡು ಹೋದರು.

ಮಾರನೆಯ ಬೆಳಿಗ್ಗೆಯಿಂದ ಕೂಗು ಶುರುವಾಯಿತು.

"ಕೇಳಿಸ್ತೇನೇ? ಒಲೆ ಹಚ್ತಿದೀನಿ."

"ಹಚ್ಚಿ ಅತ್ತೆ."

"ಅತ್ತೆ, ಡಾಕ್ಟರ ಕಾರಿಗೆ ಒಂದು ಡಬ್ಬ ತೆಗೀತಿದೀನಿ."

"ತೆಗಿ. ಬೆನ್ನು ಜೋಪಾನ."

ಅಕ್ಕಪಕ್ಕದವರು ಮೊದಮೊದಲು ಹೊರಗೆ ಬಂದು ನೋಡಿದರು. ಆಮೇಲೆ ಆ ಕೂಗಿನ ಮೇಲೆ ತಮ್ಮ ಕೆಲಸ ಹೊಂದಿಸಿಕೊಂಡರು. ಸೊಸೆಗೆ ಇದು ಸೋಲು ಅಲ್ಲವೇ ಅಲ್ಲ. ಸರ್ಕಾರದ ರೂಲ್ಸು, ಮಾತಾಡದೆ ವಿಧಿಯಿಲ್ಲ, ಅಷ್ಟಕ್ಕೇ ಮಾತಾಡುತ್ತೇನೆ, ಒಂದು ಅಕ್ಷರ ಹೆಚ್ಚಿಲ್ಲ ಎಂದು ಆಕೆ ಮೇಸ್ತ್ರಿಗೆ ಖಡಾಖಂಡಿತವಾಗಿ ಹೇಳಿದಳು. ಮೇಸ್ತ್ರಿ ಎಂದಿನಂತೆ ಆಯ್ತು ಅಮ್ಮಾವ್ರೆ ಎಂದ. ಅವನಿಗೆ ಈಗ ಹೊರುವ ಕೆಲಸವಿರಲಿಲ್ಲ, ಕಾರುಗಳು ಬೇಗ ಬೇಗ ರಿಪೇರಿಯಾಗುತ್ತಿದ್ದವು.

ಒಂದು ಮಧ್ಯಾಹ್ನ ಸೊಸೆ ಶೆಡ್ಡಿನಲ್ಲಿ ಚಕ್ರದ ಟ್ಯೂಬು ತೊಳೆಯುತ್ತಿದ್ದಳು. ಊಟ ಮುಗಿದಿತ್ತು. ಒಲೆ ಆರಿತ್ತು. ದೀಪದ ಹೊತ್ತಲ್ಲ. ಒಳಗಿನಿಂದ ಕೂಗು ಬಂತು.

"ಕೇಳಿಸ್ತೇನೇ?"

"ಕೇಳಿಸ್ತು ಅತ್ತೆ. ಏನ್ ಹಚ್ತಿದೀರಿ?"

"ಏನೂ ಇಲ್ಲ."

"ಡಬ್ಬ ಎತ್ತಿದ್ರಾ?"

"ಇಲ್ಲ. ಸುಮ್ನೆ ಕೂಗಿದೆ."

ಸೊಸೆ ಕೈ ಒರೆಸಿಕೊಂಡಳು. ಗತ್ತಿನಿಂದ ಹೇಳಿದಳು.

"ಸುಮ್ನೆ ಕೂಗೋದು ರೂಲ್ಸಿನಲ್ಲಿಲ್ಲ ಅತ್ತೆ."

"ನನಗೂ ಗೊತ್ತು ಕಣೇ. ನೀನ್ಯಾಕೆ ಓಗೊಟ್ಟೆ?"

ಕಾರಿನ ಕೆಳಗಿನ ಕಾಲುಗಳು ಅಲುಗಾಡದೆ ಕಾಯುತ್ತಿದ್ದವು. ಸೊಸೆ ಟ್ಯೂಬನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.